ಗ್ರಂಥಾಲಯದ ಆ ಹಿರಿಯರಿಗೆ ಕೃತಜ್ಞತೆಗಳು

ಕನ್ನಡ ಮಾಧ್ಯಮದಿಂದ ಬಂದು ಬಿ.ಎ. ಸೇರಿದ್ದ ನನಗೆ, ಇಂಗ್ಲಿಷಿನ ಅರ್ಥಶಾಸ್ತ್ರ ಪಠ್ಯವನ್ನು ಅರ್ಥೈಸಿಕೊಂಡು ಓದುವ ಕ್ರಮವನ್ನು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ತಾವಾಗಿಯೇ ಪಕ್ಕದಲ್ಲಿ ಕುಳಿತು ಕಲಿಸಿ, ಹೆಸರನ್ನೂ ಹೇಳದೆ ಹೋದ ಹಿರಿಯರಿಗೆ ಹೃತ್ಪೂರ್ವಕ ಕೃತಜ್ಞತೆಗಳು. ಮೊದಲು ಇಡೀ ಅಧ್ಯಾಯದ ಮೇಲೆ ಕಣ್ಣಾಡಿಸಿ, ಉಪಶೀರ್ಷಿಕೆಗಳನ್ನು ಪ್ರಶ್ನೆಗಳನ್ನಾಗಿಸಿ, ಉತ್ತರ ಹುಡುಕುತ್ತ ಓದಿ, ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಿಕೊಂಡು, ಕೊನೆಗೆ ಮತ್ತೊಮ್ಮೆ ಪರಿಶೀಲಿಸುವ ಈ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಪ್ರಕಟಿಸಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ, ಅಧ್ಯಾಯದ ಅಂಚಿನಲ್ಲಿ ತಾವು ಪೆನ್ಸಿಲಿನಲ್ಲಿ ‘ಬೆಲೆ ಏರಿದರೂ ಉಪ್ಪಿನ ಖರೀದಿ ಏಕೆ ಅಷ್ಟಾಗಿ ಇಳಿಯದು?’ ಎಂದು ಬರೆದಿರಿ. ಪುಸ್ತಕ ನನ್ನದೇ, ಗ್ರಂಥಾಲಯದ್ದಲ್ಲ. ಇಂದು ನನ್ನ ವಿದ್ಯಾರ್ಥಿಗಳೂ ಹಾಗೆಯೇ ಪ್ರಶ್ನೆ ಬರೆದುಕೊಂಡು ಓದುತ್ತಾರೆ; ಪುಸ್ತಕ ಮುಚ್ಚಿ ಹೇಳುವ ಹಂತದಲ್ಲಿ ಮಾತ್ರ ಗೊಣಗುತ್ತಾರೆ, ಆದರೂ ಅದನ್ನು ನಾನು ಕೈಬಿಟ್ಟಿಲ್ಲ.