‘ನೀರಿಗಿಳಿಸಿದ್ದೀರಿ’ ಎಂಬ ಉತ್ತರ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಮಂಗಳೂರು, ಉಡುಪಿಯ ಸರ್ವಿಸ್ ಸೆಂಟರ್‌ಗಳಿಗೆ ಫೋರ್ ವೀಲ್ ಡ್ರೈವ್ ವಾಹನಗಳು ಒಂದೇ ಬಗೆಯ ದೂರು ಹೊತ್ತು ಬರುತ್ತವೆ. ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡಾದ ಹಿಂದಿನ ಡಿಫರೆನ್ಷಿಯಲ್‌ನಿಂದ ಗುಂಯ್‌ಗುಡುವ ಸದ್ದು, ಫೋರ್ ಹೈಗೆ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಸ್ಥಿತಿ) ಬೀಳದ ಲಿವರ್, ಮಿನುಗುತ್ತಲೇ ಇರುವ ಫೋರ್ ವೀಲ್ ಸೂಚಕ ದೀಪ, ತಿರುವಿನಲ್ಲಿ ಬಿಗಿಯಾಗುವ ಸ್ಟಿಯರಿಂಗ್. ಮಾಲೀಕರಿಗೆ ಸಿಗುವ ಉತ್ತರವೂ ಬಹುತೇಕ ಒಂದೇ: ‘ನೀರಿಗಿಳಿಸಿದ್ದೀರಿ, ವಾರಂಟಿ ಬರುವುದಿಲ್ಲ.’

ಈ ವಾಹನಗಳನ್ನು ಮೋಜಿಗೆ ಕೊಳ್ಳುವವರು ಇದ್ದಾರೆ, ನಿಜ. ಆದರೆ ಬೆಳ್ತಂಗಡಿ, ಸುಳ್ಯ, ಹೆಬ್ರಿ, ಬೈಂದೂರು ಕಡೆಯ ತೋಟದ ಮನೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಗಾಡಿ ಹೋಗುವುದೇ ಇಲ್ಲ. ಮುರಕಲ್ಲಿನ ಚಡಾವು, ತುಂಬಿ ಹರಿಯುವ ತೋಡು, ನೀರಲ್ಲಿ ಮುಳುಗಿದ ಕಿಂಡಿ ಅಣೆಕಟ್ಟಿನ ದಾರಿ ಇವೆಲ್ಲ ಅವರ ದಿನನಿತ್ಯದ ಓಡಾಟ. ಅದಕ್ಕೆಂದೇ ಹೆಚ್ಚು ಹಣ ಕೊಟ್ಟು ಕೊಂಡ ವಾಹನವನ್ನು ಅದೇ ಕೆಲಸಕ್ಕೆ ಬಳಸಿದ್ದು ತಪ್ಪು ಎನ್ನುವುದು ನ್ಯಾಯವಲ್ಲ.

ಜಾಹೀರಾತಿನ ಅಂಕಿಯನ್ನೇ ನೋಡಿ. ಈ ವರ್ಗದ ಕೆಲವು ವಾಹನಗಳು 650 ಮಿ.ಮೀ. ಆಳದ ನೀರು ದಾಟಬಲ್ಲವು ಎಂದು ಬರೆದಿರುತ್ತದೆ. 790 ಮಿ.ಮೀ. ಎತ್ತರದ ಟೈರ್ ಇರುವ ಗಾಡಿಯಲ್ಲಿ ಚಕ್ರದ ನಡುಮಧ್ಯ ನೆಲದಿಂದ 400 ಮಿ.ಮೀ.ಗಿಂತ ಕೆಳಗೇ ಇರುತ್ತದೆ. ಹಿಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಮತ್ತು ಡಿಫರೆನ್ಷಿಯಲ್ ಕೂಡ ಅದೇ ಮಟ್ಟದಲ್ಲಿವೆ. ಅಂದರೆ ಕಂಪನಿಯೇ ಒಪ್ಪಿದ ಆಳದಲ್ಲಿ ಡಿಫರೆನ್ಷಿಯಲ್ ಪೂರ್ತಿ ಮುಳುಗುತ್ತದೆ. ಆ 650 ಮಿ.ಮೀ. ಎಂಜಿನ್ ಗಾಳಿ ಎಳೆಯುವ ಜಾಗವನ್ನೂ ವಿದ್ಯುತ್ ಭಾಗಗಳನ್ನೂ ಲೆಕ್ಕ ಹಾಕಿ ಹೇಳಿದ್ದು. ಅಷ್ಟು ನೀರು ದಾಟಿದ ಮೇಲೆ ಆಕ್ಸಲ್ ಎಣ್ಣೆಯನ್ನು ಪರೀಕ್ಷಿಸಬೇಕು ಎಂಬ ಮಾತನ್ನು ಗಾಡಿ ಕೊಡುವಾಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನೀರು ಒಳಗೆ ಸೇರುವ ಬಗೆ ಹೀಗೆ. ಅರ್ಧ ಗಂಟೆ ಓಡಿದ ಡಿಫರೆನ್ಷಿಯಲ್‌ನ ಎಣ್ಣೆ, ಒಳಗಿನ ಗಾಳಿ ಎರಡೂ ಕಾದಿರುತ್ತವೆ. ಹೊಳೆಯ ತಣ್ಣೀರು ತಾಗಿದ ಕೂಡಲೇ ಗಾಳಿ ಕುಗ್ಗಿ ಒಳಗಡೆ ಒತ್ತಡ ತಗ್ಗುತ್ತದೆ. ಆ ಕೊರತೆ ತುಂಬಲು ಆಕ್ಸಲ್ ಮೇಲೆ ಬ್ರೀದರ್ ಎಂಬ ಚಿಕ್ಕ ಉಸಿರುನಳಿಗೆ ಇಟ್ಟಿರುತ್ತಾರೆ. ಅದರ ತುದಿ ನೀರೊಳಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಕೆಸರು ಕಟ್ಟಿ ಮುಚ್ಚಿದ್ದರೆ ಎಣ್ಣೆ ಸೋರದಂತೆ ತಡೆಯುವ ಪಿನಿಯನ್ ಸೀಲ್ ಮತ್ತು ಆಕ್ಸಲ್ ಸೀಲ್‌ಗಳ ಅಂಚಿನಿಂದ ನೀರು ಜಿನುಗುತ್ತದೆ. ನಮ್ಮ ಕೆಂಪು ಮಣ್ಣು ಒಣಗಿದ ಮೇಲೆ ಗಟ್ಟಿಯಾಗುವುದರಿಂದ ಮುಚ್ಚಿದ ಬ್ರೀದರ್ ತಾನಾಗಿ ತೆರೆದುಕೊಳ್ಳುವುದಿಲ್ಲ.

ಆದ್ದರಿಂದ ಆಳದ ನೀರು ಸಿಕ್ಕರೆ ಮೊದಲು ಹತ್ತು ನಿಮಿಷ ನಿಲ್ಲಿಸಿ ಆಕ್ಸಲ್ ತಣಿಯಲು ಬಿಡುವುದು ಒಳ್ಳೆಯದು. ದಾಟಿ ಬಂದ ದಿನ ರಾತ್ರಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಓಡಿಸುವ ಮೊದಲೇ ಪರೀಕ್ಷಿಸಬೇಕು. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಅದು ಕಚ್ಚಿಕೊಂಡಿದ್ದರೆ ಡ್ರೇನ್ ಪ್ಲಗ್ ಮುಟ್ಟಲೇಬಾರದು. ಎಣ್ಣೆ ಇಳಿಸಿದ ಮೇಲೆ ತುಂಬಲು ದಾರಿ ಇಲ್ಲದೆ ಗಾಡಿಯನ್ನು ಎಳೆಸಿಕೊಂಡು ಹೋಗಬೇಕಾದೀತು. ಫಿಲ್ಲರ್ ತೆರೆದಿದ್ದರೆ ಡ್ರೇನ್ ಪ್ಲಗ್ಗನ್ನು ಒಂದೆರಡು ಸುತ್ತು ಸಡಿಲಿಸಿ. ಎಣ್ಣೆಗಿಂತ ನೀರು ಭಾರ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ತಳಕ್ಕಿಳಿದ ನೀರೇ ಮೊದಲು ತೊಟ್ಟಿಕ್ಕುತ್ತದೆ. ಬಂದದ್ದು ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ಎಣ್ಣೆಯಲ್ಲಿ ನೀರು ಬೆರೆತಾಗಿದೆ ಎಂದರ್ಥ, ಪೂರ್ತಿ ಬದಲಿಸಬೇಕು. ಒಂದು ಡಿಫರೆನ್ಷಿಯಲ್‌ಗೆ ಗಾಡಿಗೆ ತಕ್ಕಂತೆ ಒಂದರಿಂದ ಎರಡೂವರೆ ಲೀಟರ್ ಎಣ್ಣೆ ಸಾಕು. ಹೊಸ ಎಣ್ಣೆ ಹಾಕಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿ; ಆಗಲೂ ಬಿಳುಪು ಕಂಡರೆ ಇನ್ನೊಮ್ಮೆ ಬದಲಿಸಿ. ಈ ಖರ್ಚಿಗೆ ಹಿಂದೆಮುಂದೆ ನೋಡಿದರೆ ಬೇರಿಂಗ್‌ಗಳಿಗೆ ತುಕ್ಕು ಹಿಡಿದು, ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಮುಖ್ಯ ಗೇರ್ ಜೋಡಿ) ಹಲ್ಲು ಸವೆದು, ಡಿಫರೆನ್ಷಿಯಲ್ ಪೂರ್ತಿ ಬಿಚ್ಚುವ ಕೆಲಸ ಬರುತ್ತದೆ.

ಡ್ರೇನ್ ಪ್ಲಗ್‌ನ ಅಯಸ್ಕಾಂತವನ್ನೂ ನೋಡಬೇಕು. ಬೂದು ಬಣ್ಣದ ನುಣ್ಣನೆಯ ಲೇಪ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಆ ಚೂರುಗಳ ಫೋಟೊ ತೆಗೆದು, ಒಂದು ಡಬ್ಬಿಯಲ್ಲಿ ಎಣ್ಣೆಯ ಮಾದರಿ ಎತ್ತಿಟ್ಟುಕೊಳ್ಳಿ. ವಾರಂಟಿ ಜಗಳಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಎಣ್ಣೆಯ ದರ್ಜೆಯಲ್ಲೂ ಗೊಂದಲವಿದೆ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 75ಡಬ್ಲ್ಯು-90 ಅಥವಾ 80ಡಬ್ಲ್ಯು-90 (ಎಣ್ಣೆ ಎಷ್ಟು ಮಂದ ಎಂಬುದರ ಗುರುತು) ಬೇಕು. ಡಬ್ಬದಲ್ಲಿ ಉಳಿದ ಅದೇ ಎಣ್ಣೆಯನ್ನು ಜಿಎಲ್-4 ಕೇಳುವ ಮ್ಯಾನುಯಲ್ ಗೇರ್ ಬಾಕ್ಸ್‌ಗೂ ಸುರಿಯುವ ಗ್ಯಾರೇಜುಗಳಿವೆ. ಜಿಎಲ್-5ರ ಗಂಧಕದ ಅಂಶ ಗೇರ್ ಬಾಕ್ಸ್‌ನ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳನ್ನು ತಿನ್ನಬಹುದು. ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ಚೈನ್ ಇರುವ ಅನೇಕ ಟ್ರಾನ್ಸ್‌ಫರ್ ಕೇಸ್‌ಗಳು ಕೇಳುವುದು ಗೇರ್ ಎಣ್ಣೆಯನ್ನಲ್ಲ, ತೆಳುವಾದ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸ್ ಎಣ್ಣೆ). ಮಾಲೀಕರ ಕೈಪಿಡಿಯ ಕೊನೆಯ ಪುಟಗಳಲ್ಲಿ ಪಟ್ಟಿ ಇರುತ್ತದೆ. ಅದನ್ನು ಮೆಕ್ಯಾನಿಕ್ ಮುಂದೆ ತೆರೆದಿಟ್ಟೇ ಕೆಲಸ ಮಾಡಿಸಿ.

ಇನ್ನು ತಿರುವಿನಲ್ಲಿ ಬಿಗಿಯುವ ಸ್ಟಿಯರಿಂಗ್. ನಮ್ಮ ಕಡೆ ಓಡುವ ಥಾರ್, ಜಿಮ್ನಿ, ಗೂರ್ಖಾಗಳ ಫೋರ್ ವೀಲ್ ಡ್ರೈವ್ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕುವ) ಬಗೆಯದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ಹೈ ಹಾಕಿದ ಕೂಡಲೇ ಆಕ್ಸಲ್‌ಗಳಿಗೆ ಬಲ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮಾತ್ರ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಕೆಸರಿನಲ್ಲಿ, ಜಲ್ಲಿಯಲ್ಲಿ ಚಕ್ರ ಚೂರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಮರಿನ ಮೇಲೆ ಚಕ್ರ ಜಾರುವುದಿಲ್ಲ. ಶಾಫ್ಟ್, ಚೈನ್, ಕ್ರಾಸ್ (ಶಾಫ್ಟ್ ತುದಿಯ ಕೀಲು), ಆಕ್ಸಲ್ ಎಲ್ಲವೂ ತಿರುಚಿಕೊಂಡು ಒತ್ತಡ ಸೇರುತ್ತಾ ಹೋಗುತ್ತದೆ.

ಮಳೆ ಜೋರಿದ್ದಾಗ ಸುರಕ್ಷಿತ ಎಂದುಕೊಂಡು ಫೋರ್ ಹೈ ಹಾಕಿ ಆಗುಂಬೆ ಘಾಟಿ ಹತ್ತುವವರು ಬಹಳ. ಸೋಮೇಶ್ವರದಿಂದ ಮೇಲಕ್ಕೆ 14 ಕಡಿದಾದ ತಿರುವುಗಳು, ಪ್ರತಿಯೊಂದರಲ್ಲೂ ಈ ತಿರುಚು ಸೇರುತ್ತದೆ. ಒದ್ದೆ ಡಾಮರಿಗೂ, ಶಿರಾಡಿಯ ಕಾಂಕ್ರೀಟಿಗೂ ಟೈರನ್ನು ಹಿಡಿದಿಡುವಷ್ಟು ಬಿಗಿ ಇದೆ. ಅಲ್ಲಿ ಟೂ ಹೈ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ) ಸಾಕು, ವೇಗ ತಗ್ಗಿಸಿದರಾಯಿತು. ಫೋರ್ ವೀಲ್ ಡ್ರೈವ್ ಬ್ರೇಕಿನ ಬಲ ಹೆಚ್ಚಿಸುವುದಿಲ್ಲ ಎಂಬುದನ್ನಂತೂ ಎಲ್ಲರಿಗೂ ಒತ್ತಿ ಹೇಳಬೇಕು. ಬಿಗಿದುಕೊಂಡ ಗಾಡಿ ಟೂ ಹೈಗೆ ಬರದಿದ್ದರೆ ಲಿವರನ್ನು ಬಲವಂತವಾಗಿ ಎಳೆಯಬೇಡಿ. ಸ್ಟಿಯರಿಂಗ್ ನೇರ ಮಾಡಿ ಕೆಲವು ಮೀಟರ್ ಹಿಂದಕ್ಕೆ ಚಲಿಸಿ, ಇಲ್ಲವೇ ಒಂದು ಬದಿಯ ಚಕ್ರಗಳನ್ನು ರಸ್ತೆ ಬದಿಯ ಮಣ್ಣಿಗಿಳಿಸಿ. ಒತ್ತಡ ಬಿಟ್ಟ ಕೂಡಲೇ ತಾನಾಗಿ ಕಳಚಿಕೊಳ್ಳುತ್ತದೆ.

ಟೈರ್ ಕೂಡ ಇದೇ ಕೆಡುಕು ಮಾಡುತ್ತದೆ, ನೇರ ರಸ್ತೆಯಲ್ಲೂ. ದುಡ್ಡು ಉಳಿಸಲು ಹಿಂದೆ ಮಾತ್ರ ಎರಡು ಹೊಸ ಟೈರ್ ಹಾಕಿಸುವುದು ಸಾಮಾನ್ಯ. ಹೊಸದರ ಹಲ್ಲು 11 ಮಿ.ಮೀ., ಮುಂದಿನ ಹಳೆಯದರದು 4 ಮಿ.ಮೀ. ಎಂದಿಟ್ಟುಕೊಳ್ಳಿ. 790 ಮಿ.ಮೀ. ಎತ್ತರದ ಟೈರಿಗೆ ಸುತ್ತಳತೆಯಲ್ಲಿ 44 ಮಿ.ಮೀ. ವ್ಯತ್ಯಾಸ ಬಂತು. ಕಿಲೋಮೀಟರಿಗೆ ಮುಂದಿನ ಚಕ್ರ ಸುಮಾರು ಏಳು ಸುತ್ತು ಹೆಚ್ಚು ತಿರುಗಬೇಕು, ಫೋರ್ ಹೈನಲ್ಲಿದ್ದಾಗ ಟ್ರಾನ್ಸ್‌ಫರ್ ಕೇಸ್ ಅದಕ್ಕೆ ಬಿಡುವುದಿಲ್ಲ. ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ ಇರಲಿ. ಸವೆತದ ವ್ಯತ್ಯಾಸ ಎರಡು ಮೂರು ಮಿ.ಮೀ. ಮೀರದಿರಲಿ. ಸ್ಟೆಪ್ನಿಯನ್ನೂ ಸೇರಿಸಿ ಐದು ಟೈರುಗಳನ್ನು ಸರದಿಯಲ್ಲಿ ಬದಲಿಸುತ್ತಾ ಬಂದರೆ ಈ ತೊಂದರೆ ಬಾರದು.

ಲಿವರ್ ಬದಲು ಗುಂಡಿ ಅಥವಾ ತಿರುಪು ಇರುವ ವಾಹನಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಮೇಲೆ ಚಿಕ್ಕ ಮೋಟಾರ್ ಕೂತಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಅದರ ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿದರೆ ದೀಪ ಮಿನುಗುತ್ತದೆ, ಗೇರ್ ಬೀಳುವುದಿಲ್ಲ. ಮಲ್ಪೆ, ಉಳ್ಳಾಲದ ಕಡೆ ಮರಳಿಗಿಳಿಸಿ ಅಡಿಭಾಗ ತೊಳೆಯದವರಿಗೆ ಇದು ಇನ್ನೂ ಬೇಗ ಬರುತ್ತದೆ. (ಕಡಲಾಮೆಗಳು ಮೊಟ್ಟೆಯಿಡಲು ಬರುವ ಕರಾವಳಿಯಿದು. ಗಾಡಿಯನ್ನು ಸಮುದ್ರದಂಚಿಗೆ ಇಳಿಸದಿರುವುದೇ ಒಳ್ಳೆಯದು.) ದೀಪ ಮಿನುಗಿದ ಮಾತ್ರಕ್ಕೆ ಮೋಟಾರ್ ಬದಲಿಸಲು ಒಪ್ಪಬೇಡಿ. ಬ್ಯಾಟರಿ ದುರ್ಬಲವಾಗಿದ್ದರೂ, ಒಳಗಿನ ಹಲ್ಲುಗಳು ಹೊಂದಿಕೊಳ್ಳದಿದ್ದರೂ ದೀಪ ಮಿನುಗುತ್ತದೆ. ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸಿ, ಬಳಿಕ ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ ನೋಡಿ. ಫೋರ್ ಲೋಗೆ (ನಿಧಾನ ವೇಗದಲ್ಲಿ ನಾಲ್ಕೂ ಚಕ್ರಗಳಿಗೆ ಹೆಚ್ಚು ಎಳೆತ ಕೊಡುವ ಸ್ಥಿತಿ) ಹಾಕುವ ಕ್ರಮವನ್ನೂ ಸರಿಯಾಗಿ ಪಾಲಿಸಬೇಕು: ಗಾಡಿ ಪೂರ್ತಿ ನಿಲ್ಲಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಮ್ಯಾನುಯಲ್ ಆದರೆ ಕ್ಲಚ್ ಒತ್ತಿರಬೇಕು.

ವರ್ಷಪೂರ್ತಿ ಟೂ ಹೈನಲ್ಲೇ ಓಡಿಸಿ ಜೂನ್‌ನಲ್ಲಿ ಒಮ್ಮೆಲೇ ಫೋರ್ ವೀಲ್ ಕೇಳಿದರೂ ಗಾಡಿ ಕೊಡುವುದಿಲ್ಲ. ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ ಹತ್ತು ಹದಿನೈದು ಕಿ.ಮೀ. ಫೋರ್ ಹೈನಲ್ಲಿ ಓಡಿಸಿದರೆ ಮುಂದಿನ ಸೀಲ್, ಬೇರಿಂಗ್‌ಗಳಿಗೆ ಎಣ್ಣೆ ಹರಡುತ್ತದೆ, ಲಿಂಕೇಜ್ ಕಚ್ಚಿಕೊಳ್ಳುವುದಿಲ್ಲ. ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಿಗೆ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ನಾಲ್ಕೂ ಟೋಪಿಗಳಿಂದ ಹೊಸ ಗ್ರೀಸ್ ಹೊರಬರುವವರೆಗೆ ಪಂಪ್ ಮಾಡಿಸಿ. ಗೇರ್ ಹಾಕಿದಾಗ ಟಣ್ ಎಂದರೆ ಮೊದಲು ನೋಡಬೇಕಾದದ್ದು ಇದೇ ಕ್ರಾಸ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಎಂದರೆ ಮುಂದಿನ ಆಕ್ಸಲ್‌ನ ರಬ್ಬರ್ ಬೂಟ್ ಹರಿದು ಜಾಯಿಂಟಿಗೆ ಮಣ್ಣು ಹೋಗಿರಬಹುದು. ಬೂಟ್ ಹರಿದದ್ದನ್ನು ಬೇಗ ಕಂಡರೆ ಅಗ್ಗದ ಕೆಲಸ, ತಡವಾದರೆ ಶಾಫ್ಟನ್ನೇ ಬದಲಿಸಬೇಕು.

ಸರ್ವಿಸ್ ಸೆಂಟರ್‌ಗಳ ಮೇಲಿನ ದೂರಿಗೆ ಬರುತ್ತೇನೆ. ಫೋರ್ ವೀಲ್ ಭಾಗಗಳನ್ನು ಬಿಚ್ಚಿ ಅನುಭವವಿರುವ ಮೆಕ್ಯಾನಿಕ್‌ಗಳು ಕಡಿಮೆ. ಕ್ರೌನ್-ಪಿನಿಯನ್ ಜೋಡಿಸುವಾಗ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಹಲ್ಲುಗಳ ಸಡಿಲ ಅಳೆಯಬೇಕು, ಪಿನಿಯನ್ ಬೇರಿಂಗಿನ ಬಿಗಿ ನೋಡಬೇಕು. ಡಯಲ್ ಗೇಜ್ ಇಲ್ಲದೆ ಅಂದಾಜಿನಲ್ಲಿ ಜೋಡಿಸಿದರೆ ಅದೇ ಸದ್ದು ತಿರುಗಿ ಬರುತ್ತದೆ. ಮಾಲೀಕರು ಹೇಳಿದ ದೂರನ್ನು ಜಾಬ್ ಕಾರ್ಡ್‌ನಲ್ಲಿ (ಸರ್ವಿಸ್ ಸೆಂಟರ್‌ನ ಕೆಲಸದ ಚೀಟಿ) ‘ಸದ್ದು’ ಎಂದಷ್ಟೇ ಬರೆದು, ‘ಪರೀಕ್ಷಿಸಲಾಗಿದೆ, ಸರಿಯಿದೆ’ ಎಂದು ಮುಗಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಎಷ್ಟು ವೇಗದಲ್ಲಿ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಟೂ ಹೈನಲ್ಲೋ ಫೋರ್ ಹೈನಲ್ಲೋ ಎಂಬುದನ್ನು ಬರೆಸದೆ ಸಹಿ ಹಾಕಬೇಡಿ. ಸಾಧ್ಯವಾದರೆ ಮೆಕ್ಯಾನಿಕ್ ಅನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ.

ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು. ತಯಾರಕರ ಕಚೇರಿ ಯಾವ ಊರಿನಲ್ಲಿದ್ದರೂ ಮಂಗಳೂರು ಅಥವಾ ಉಡುಪಿಯಲ್ಲೇ ಕೇಸು ನಡೆಯುತ್ತದೆ. ಕೊಟ್ಟ ಬೆಲೆ 50 ಲಕ್ಷ ರೂ. ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಆಯೋಗಕ್ಕೆ ಅಧಿಕಾರವಿದೆ. ಎತ್ತಿಟ್ಟ ಎಣ್ಣೆ, ಲೋಹದ ಚೂರು ಆಗ ಕೆಲಸಕ್ಕೆ ಬರುತ್ತವೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಜೀಪು ಓಡಿಸುವವರನ್ನೂ ಈ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಒಂದೇ ಮಾದರಿಯಲ್ಲಿ ಒಂದೇ ಸುರಕ್ಷತಾ ದೋಷ ಹಲವರಿಗೆ ಬಂದಿದ್ದರೆ, 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಏಳು ವರ್ಷದೊಳಗಿನ ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಲು ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. ಅದಕ್ಕೆ ದೂರುಗಳ ಸಂಖ್ಯೆ ನಿಗದಿತ ಮಟ್ಟ ಮುಟ್ಟಬೇಕು. ಹೀಗಾಗಿ ಗ್ಯಾರೇಜಿನಲ್ಲಿ ಗೊಣಗಿ ಸುಮ್ಮನಾಗದೆ ಪ್ರತಿಯೊಬ್ಬರೂ ದೂರು ದಾಖಲಿಸುವುದು ಅಗತ್ಯ.

ಎರಡೂ ಜಿಲ್ಲೆಗಳ ಮಾರಾಟಗಾರರಲ್ಲಿ ಕೇಳುವುದು ಹೆಚ್ಚೇನಿಲ್ಲ. ಗಾಡಿ ಕೊಡುವ ದಿನ ರಿಬ್ಬನ್, ಫೋಟೊಗಳ ಜೊತೆಗೆ ಅರ್ಧ ಗಂಟೆ ಮಣ್ಣಿನ ದಾರಿಯಲ್ಲಿ ಟೂ ಹೈ, ಫೋರ್ ಹೈ, ಫೋರ್ ಲೋ ಬಳಕೆ ತೋರಿಸಿಕೊಡಿ. ಮೇ ತಿಂಗಳಲ್ಲೂ ಅಕ್ಟೋಬರ್‌ನಲ್ಲೂ ಎರಡು ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಬ್ರೀದರ್, ಬೂಟ್‌ಗಳ ತಪಾಸಣೆ ಮಾಡಿ, ಎಣ್ಣೆಯ ಬಣ್ಣವನ್ನು ಜಾಬ್ ಕಾರ್ಡ್‌ನಲ್ಲಿ ಬರೆದುಕೊಡಿ. ಬ್ರೀದರ್‌ಗೆ ಉದ್ದದ ರಬ್ಬರ್ ನಳಿಗೆ ಜೋಡಿಸಿ ಬಾನೆಟ್‌ನ ಎತ್ತರಕ್ಕೆ ಒಯ್ಯುವ ಚಿಕ್ಕ ಕೆಲಸವನ್ನು, ವಾರಂಟಿಗೆ ಧಕ್ಕೆ ಬಾರದಂತೆ, ಕಂಪನಿಯ ಒಪ್ಪಿಗೆಯಿಂದ ಷೋರೂಮಿನಲ್ಲೇ ಮಾಡಿಕೊಡುವ ವ್ಯವಸ್ಥೆ ಆಗಲಿ.

– ಫೋರ್ ವೀಲ್ ಡ್ರೈವ್ ಮಾಲೀಕರೊಬ್ಬರು, ಹೆಬ್ರಿ, ಉಡುಪಿ ಜಿಲ್ಲೆ