ನೇಪಾಳ ಪ್ರವಾಸ: ಬರುವವರು ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಕಾಫಿ ಕುಯ್ಲು ಮುಗಿಸಿ, ಫೆಬ್ರವರಿ ಕೊನೆಗೆ ಮೋಟರ್‌ಹೋಮ್‌ನಲ್ಲಿ ಮಡಿಕೇರಿ ಬಿಡೋಣ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುವವರು ಯಾರು ಅಂತ ಮನೆಯಲ್ಲಿ ಈಗಲೇ ಮಾತಾಡಿ. ಅದು ಫೋನಲ್ಲಿ ಆಗುವ ಕೆಲಸ ಅಲ್ಲ.

ಗೋರಖ್‌ಪುರ ದಾಟಿ ಸುನೌಲಿ ಗಡಿ, ಆಮೇಲೆ ಲುಂಬಿನಿ, ಪೋಖರಾ. ಗಡಿಯಲ್ಲಿ ಗಾಡಿಗೆ ಭನ್ಸಾರ್ ಮಾಡಿಸಬೇಕು, ಅಂದರೆ ಕಸ್ಟಮ್ಸ್ ಚೀಟಿ. ಶುಲ್ಕ ದಿನದ ಲೆಕ್ಕ. ದಾರಿಯಲ್ಲಿ ಏನಾದರೂ ಆಗಬಹುದು, ಎರಡು ದಿನ ಜಾಸ್ತಿಯೇ ಕಟ್ಟೋಣ. ಪಾಸ್‌ಪೋರ್ಟ್ ಇಲ್ಲದವರು ವೋಟರ್ ಐಡಿ ತನ್ನಿ. ಸುಮ್ನೆ ಆಧಾರ್ ನಂಬಿಕೊಂಡು ಬರಬೇಡಿ. ವಿಮೆಯನ್ನೂ ಹೆಚ್ಚುವರಿ ಹಣ ಕಟ್ಟಿ ನೇಪಾಳಕ್ಕೆ ವಿಸ್ತರಿಸಬೇಕು, ಅದನ್ನು ಇಲ್ಲೇ ಮುಗಿಸುತ್ತೇನೆ.

ಬುಟ್ವಲ್‌ನಿಂದ ಪೋಖರಾಕ್ಕೆ ಹೋಗುವ ಸಿದ್ಧಾರ್ಥ ಹೆದ್ದಾರಿ ಬರೀ ತಿರುವು. ಸಂಪಾಜೆ ಘಾಟಿ ಓಡಿಸಿದವರಿಗೆ ಹೊಸದಲ್ಲ, ಆದರೆ ಗಾಡಿ ಉದ್ದ ಅಲ್ವಾ? ಕತ್ತಲಾದ ಮೇಲೆ ಓಡಿಸುವುದು ಬೇಡ. ಮಾರ್ಚ್‌ನಲ್ಲಿ ಗುಡ್ಡದ ಮೇಲೆ ಲಾಲಿಗುರಾಂಸ್ ಹೂ (ರೋಡೋಡೆಂಡ್ರನ್) ಕೆಂಪಗೆ ಅರಳುತ್ತದೆ, ಬೆಳಿಗ್ಗೆ ಚಳಿಯೂ ಇರುತ್ತದೆ. ಸ್ವೆಟರ್ ಮರೆಯಬೇಡಿ.

100ರ ನೋಟು ಜಾಸ್ತಿ ಇಟ್ಟುಕೊಳ್ಳಿ. ನಮ್ಮ 100 ರೂಪಾಯಿಗೆ ಅಲ್ಲಿ 160. ಕಾಚಂಪುಳಿ (ಅಡುಗೆಯ ಕಪ್ಪು ಹುಳಿರಸ) ತರುವವರು ಬಾಟಲಿಯ ಮುಚ್ಚಳ ಗಟ್ಟಿ ಮಾಡಿ, ಹಾಸಿಗೆ ಮೇಲೆ ಚೆಲ್ಲಿದರೆ ಕಲೆ ಹೋಗಲ್ಲ.

ಮಲಗಲು ಜಾಗ ನಾಲ್ವರಿಗಷ್ಟೇ. ಭಾನುವಾರದೊಳಗೆ ಹೆಸರು ಹಾಕಿ.