ರಾಜ್ಮಾ ಬೇಡ, ಕೆಂಪು ಅಲಸಂದೆ ಸಾಕು

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಜಪಾನಿನ ಕೆಂಪುಕಾಳಿನ ಸಿಹಿ ಮಾಡುವ ಬಗೆ ಬಂದಿತ್ತು. ಅಜುಕಿ ಕಾಳು ಸಿಗದಿದ್ದರೆ ರಾಜ್ಮಾ ಹಾಕಿ, ಸಕ್ಕರೆಯನ್ನೂ ಜತೆಗೇ ಸೇರಿಸಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಿ ಎಂದು ಅದರಲ್ಲಿತ್ತು. ಹೀಗೆ ಮಾಡಿದರೆ ರುಚಿಯೂ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ.

ಹೊಟ್ಟೆಯ ಮಾತು ಮೊದಲು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶವಿರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದರೆ ಅದು ಹೋಗುತ್ತದೆ. ಕುದಿ ಬಾರದ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಹೋಗುವುದಿಲ್ಲ, ತಿಂದವರಿಗೆ ವಾಂತಿ ಭೇದಿ ಶುರುವಾಗಬಹುದು. ನಾವು ಕುಕ್ಕರಿನಲ್ಲಿ ಕೂಗಿಸುವ ಜನ, ಅದಕ್ಕೇ ಇದು ಗೊತ್ತಾಗದೆ ಉಳಿದಿದೆ. ಆದರೆ ಈಗ ಹೊಸ ನಮೂನೆಯ ಕರೆಂಟಿನ ಸ್ಲೋ ಕುಕ್ಕರ್ ತಂದಿಟ್ಟುಕೊಂಡವರೂ ಇದ್ದಾರೆ.

ಈ ವಿಷಯದಲ್ಲಿ ಬಾಯಿ ಹಾಕಲು ನಾನು ಯಾರು ಎಂದು ಕೇಳಬಹುದು. ಸೇನೆಯಲ್ಲಿದ್ದು ಬಂದವನು, ಈಗ ಮೂರ್ನಾಡಿನ ಬಳಿ ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ ನೋಡಿಕೊಂಡಿದ್ದೇನೆ. ಮಗಳು, ಅಳಿಯ ನಗೋಯಾದಲ್ಲಿದ್ದಾರೆ. ಬೆಳಗ್ಗೆ ಕಾಫಿ ಹೇಳಿದರೆ ಜತೆಗೆ ಟೋಸ್ಟ್ ಪುಕ್ಕಟೆ ಕೊಡುವುದು ಆ ಊರಿನ ಹೋಟೆಲುಗಳ ರೂಢಿ. ದಪ್ಪ ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಅಂಕೋ, ಅಂದರೆ ಅಜುಕಿಯನ್ನು ಬೇಯಿಸಿ ಸಕ್ಕರೆಯಲ್ಲಿ ಕಾಯಿಸಿದ ಮುದ್ದೆ, ಹರಡಿದರೆ ಅದು ಒಗುರಾ ಟೋಸ್ಟ್. ಕಾಫಿ ಬೆಳೆಯುವವನ ಮಾತು ಇದು: ಸಕ್ಕರೆ ಹಾಕದ ಕಡು ಕಾಫಿಗೆ ಅಷ್ಟು ಒಪ್ಪುವ ತಿಂಡಿ ನಾನು ಬೇರೆ ತಿಂದಿಲ್ಲ. ಮಗಳ ನೆರೆಮನೆಯ ಅಜ್ಜಿಯ ಪಕ್ಕ ನಿಂತು ಮಾಡುವುದನ್ನು ಕಲಿತೆ. ಇಲ್ಲಿಗೆ ಬಂದಮೇಲೆ ನಮ್ಮ ಮನೆಯವಳು ಆ ಒಂದು ಪಾತ್ರೆಯ ಮಟ್ಟಿಗೆ ಅಡಿಗೆಮನೆ ಬಿಟ್ಟುಕೊಟ್ಟಿದ್ದಾಳೆ.

ಅಜುಕಿ ಸಸ್ಯಶಾಸ್ತ್ರದಲ್ಲಿ ನಮ್ಮ ಉದ್ದು, ಹೆಸರು, ಅಲಸಂದೆಗಳ ಕುಲಕ್ಕೇ ಸೇರಿದ್ದು. ರಾಜ್ಮಾ ಹುರುಳಿಕಾಯಿಯ ಕಡೆಯದು. (ಅದೇ ಜಾತಿಯ ಬಿಳಿ ಕಾಳಿನಲ್ಲಿ ಜಪಾನಿನವರು ಬಿಳಿ ಅಂಕೋ ಮಾಡುತ್ತಾರೆ, ನಿಜ. ಅದು ಬೇರೆ ಪದಾರ್ಥ.) ಬದಲಿ ಬೇಕೇ ಬೇಕೆಂದರೆ ಕೆಂಪು ಅಲಸಂದೆ ತನ್ನಿ. ವಿರಾಜಪೇಟೆಯ ಅಂಗಡಿಗಳಲ್ಲಿ ವನ್‌ಪಯರ್ ಎಂದರೆ ತೂಗಿ ಕೊಡುತ್ತಾರೆ, ಕೇರಳದವರು ಗಂಜಿಯ ಜತೆ ತಿನ್ನುವ ಕಾಳು. ಇದು ನಾನು ಹೊಸದಾಗಿ ಹೂಡಿದ ಉಪಾಯವಲ್ಲ. ಶುಭಕಾರ್ಯವೆಂದರೆ ಜಪಾನಿನಲ್ಲಿ ಸೆಕಿಹಾನ್ ಎಂಬ ಕೆಂಪು ಅನ್ನ ಆಗಲೇಬೇಕು. ಕಾಳು ಬೆಂದ ಕೆಂಪು ನೀರಿನಲ್ಲಿ ಅಂಟಕ್ಕಿ ನೆನೆಸಿ, ಕಾಳಿನೊಡನೆ ಹಬೆಯಲ್ಲಿ ಬೇಯಿಸಿ, ಮೇಲೆ ಕರಿ ಎಳ್ಳು, ಉಪ್ಪು ಉದುರಿಸುತ್ತಾರೆ. ಟೋಕಿಯೋ ಕಡೆ ಇದಕ್ಕೆ ಅಜುಕಿಯ ಬದಲು ಅಲಸಂದೆಯನ್ನೇ ಹಾಕುವುದುಂಟು. ಅಜುಕಿ ಬೇಯುವಾಗ ಸಿಪ್ಪೆ ಬಿರಿಯುತ್ತದೆ. ಹೊಟ್ಟೆ ಸೀಳಿಕೊಂಡು ಪ್ರಾಣ ಬಿಡುವ ಪದ್ಧತಿಯಿದ್ದ ಸಮುರಾಯ್‌ಗಳಿಗೆ ಹೊಟ್ಟೆ ಬಿರಿದ ಕಾಳು ಅಪಶಕುನವಾಗಿ ಕಂಡು, ಸಿಪ್ಪೆ ಗಟ್ಟಿಯಿರುವ ಅಲಸಂದೆ ಬಳಕೆಗೆ ಬಂತಂತೆ. ನಾನು ನಂಬುತ್ತೇನೆ. ಸಿಪಾಯಿಗಳಷ್ಟು ಶಕುನ ನೋಡುವವರು ಇನ್ನಾರೂ ಇಲ್ಲ.

ಅಂಕೋ ಮಾಡುವುದು ಹೀಗೆ. ಕಾಳು 250 ಗ್ರಾಂ. ಅಜುಕಿಯಾದರೆ ನೆನೆಸಬೇಕಿಲ್ಲ, ಅಲಸಂದೆಯಾದರೆ ನಾಲ್ಕೈದು ಗಂಟೆ ನೆನೆಯಲಿ. ಒಂದು ಕುದಿ ಬಂದೊಡನೆ ಆ ನೀರನ್ನು ಚೆಲ್ಲಿಬಿಡಿ, ಒಗರು ಅದರಲ್ಲಿ ಹೋಗುತ್ತದೆ. ಹೊಸ ನೀರು ಹಾಕಿ, ಎರಡು ಬೆರಳ ನಡುವೆ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಿಸಿ. ಆಮೇಲೆ ಸಕ್ಕರೆ, 200ರಿಂದ 250 ಗ್ರಾಂ, ಎರಡು ಮೂರು ಸಲವಾಗಿ. ಕಾಳು ಬೇಯುವ ಮೊದಲೇ ಸಕ್ಕರೆ ಬಿತ್ತೋ, ಅದು ಮತ್ತೆ ಮೆತ್ತಗಾಗುವುದು ಕಷ್ಟ. ನಿಮ್ಮ ಪುರವಣಿಯ ವಿಧಾನ ಎಡವಿದ್ದು ಇಲ್ಲೇ. ಸೌಟು ಎಳೆದರೆ ಪಾತ್ರೆಯ ತಳ ಕಂಡು, ಗೆರೆ ನಿಧಾನವಾಗಿ ಮುಚ್ಚಿಕೊಳ್ಳುವಾಗ ಚಿಟಿಕೆ ಉಪ್ಪು ಹಾಕಿ ಇಳಿಸಿ. ತಣಿದಮೇಲೆ ಇನ್ನೂ ಗಟ್ಟಿಯಾಗುತ್ತದೆ. ಅಲಸಂದೆಯ ಸಿಪ್ಪೆ ನಾಲಗೆಗೆ ತಗಲುತ್ತದೆ, ಹಾಗಾಗಿ ಸಕ್ಕರೆ ಹಾಕುವ ಮೊದಲು ಜರಡಿಯಲ್ಲಿ ಉಜ್ಜಿ ತೆಗೆದರೆ ಉತ್ತಮ. ಬೆಲ್ಲ ಹಾಕುವವರು ಹಾಕಲಿ, ಜಗಳವಿಲ್ಲ. ಏಲಕ್ಕಿ ಮಾತ್ರ ಬೇಡ. ಹಿತ್ತಿಲಲ್ಲೇ ಬೆಳೆದಿದೆ ಎಂದು ನಾವು ಕೊಡಗಿನವರು ಎಲ್ಲದಕ್ಕೂ ಏಲಕ್ಕಿ ಜಜ್ಜಿ ಹಾಕುತ್ತೇವೆ, ಹಾಕಿದರೆ ಕಾಳಿನ ಪರಿಮಳ ಸತ್ತು ಬರೀ ಹೂರಣ ಉಳಿಯುತ್ತದೆ.

ಇನ್ನು ಅಂಕೋ ಮೆತ್ತುವ ಉಂಡೆಗೆ ಬೇಕಾದ ಅಕ್ಕಿ. ನಮ್ಮ ಕಡಂಬುಟ್ಟಿನ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ಕಡುಬಿನ, ತರಿ ಇದಕ್ಕೆ ಒಗ್ಗುವುದಿಲ್ಲ. ಜಪಾನಿನ ಅಂಟಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಅದು ಜಿಗುಟು. ಆನ್‌ಲೈನಿನಲ್ಲಿ ತರಿಸಿ ಎಂದು ನೀವು ಬರೆದಿದ್ದೀರಿ. ಅಸ್ಸಾಮಿನಲ್ಲಿದ್ದಾಗ ನಾನು ಮೊಸರು ಬೆಲ್ಲದ ಜತೆ ತಿಂದ ಬೋರಾ ಸಾಉಲ್ ಕೂಡ ಅಂಟಕ್ಕಿಯೇ. ಈಗ ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನ ಕಾರ್ಮಿಕರು ಬೇಕಾದಷ್ಟು ಜನ ಇದ್ದಾರೆ. ಊರಿಗೆ ಹೋದವರಿಗೆ ಹೇಳಿಟ್ಟರೆ ಎರಡು ಕಿಲೋ ತಂದುಕೊಡುತ್ತಾರೆ. ಅದನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒನಕೆಯ ತುದಿಯಿಂದ ಅರ್ಧಂಬರ್ಧ ಕುಟ್ಟಿ, ಉಂಡೆ ಮಾಡಿ ಸುತ್ತಲೂ ಅಂಕೋ ಮೆತ್ತಿದರೆ ಒಹಗಿ. ಹಗಲು ರಾತ್ರಿ ಸಮವಾಗುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಜಪಾನಿನವರು ಹಿರಿಯರ ಸಮಾಧಿಗೆ ಹೋಗುತ್ತಾರೆ, ಆಗಿನ ಎಡೆ ಇದು. ನಮ್ಮಲ್ಲಿ ಕಾರಣಂಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿ ಎಂಬ ಎಡೆ ಇಡುವ ಹಾಗೆಯೇ, ಕೋಳಿ ಸಾರು ಇಲ್ಲ ಅಷ್ಟೆ.

ಯೋಕಾನ್ ಎಂಬ ಹೆಪ್ಪುಗಟ್ಟಿಸಿದ ಸಿಹಿ ಸುಲಭ: ನುಣ್ಣನೆಯ ಅಂಕೋಗೆ ಕುದಿಸಿ ಕರಗಿಸಿದ ಚೀನಾ ಗ್ರಾಸ್ ಬೆರೆಸಿ ತಟ್ಟೆಗೆ ಸುರಿದರೆ ಆಯಿತು.

ಕೊನೆಗೆ ಒಂದು ತಕರಾರು. ಕೆಂಪುಕಾಳು ಎಂದರೆ ಸಿಹಿಯೊಂದೇ ಎಂಬಂತೆ ಬರೆದಿದ್ದೀರಿ. ಸಕ್ಕರೆ ಕಾಯಿಲೆಯ ಓದುಗರು ಎಷ್ಟು ಜನರಿಲ್ಲ! ಜನವರಿ 15ಕ್ಕೆ, ಅಂದರೆ ನಮ್ಮ ಸಂಕ್ರಾಂತಿಯ ಹೊತ್ತಿಗೆ, ಜಪಾನಿನಲ್ಲಿ ಅಜುಕಿ ಹಾಕಿದ ಗಂಜಿ ಉಣ್ಣುತ್ತಾರೆ. ಡಿಸೆಂಬರಿನಲ್ಲಿ ಹಗಲು ತೀರಾ ಚಿಕ್ಕದಾದ ದಿನ ಸಿಹಿಗುಂಬಳವನ್ನು ಅಜುಕಿಯೊಡನೆ ಬೇಯಿಸುತ್ತಾರೆ. ಉಪ್ಪು, ನಾಲ್ಕು ಹನಿ ಸೋಯಾ ಸಾಸ್ ಸಾಕು. ಅಟ್ಟದ ಮೇಲೆ ಕುಂಬಳ ಪೇರಿಸಿಟ್ಟುಕೊಂಡ ನಮ್ಮಂಥವರಿಗೆ ಮೊದಲು ಬರೆಯಬೇಕಾದದ್ದು ಅದು.

ಈ ಪತ್ರಕ್ಕೆ ಪೂರ್ತಿ ಜಾಗ ಸಿಗದಿದ್ದರೆ ಕತ್ತರಿಸಿ, ಬೇಸರವಿಲ್ಲ. ರಾಜ್ಮಾ ಕುದಿಸುವ ಭಾಗವನ್ನು ಮಾತ್ರ ಬರುವ ವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ ಹಾಕಿ.

– ಒಬ್ಬ ನಿವೃತ್ತ ಸುಬೇದಾರ್, ಮೂರ್ನಾಡು, ಕೊಡಗು